ಮದುವೆಯ ಐದು ನಾಣ್ಯ, ಮುಳುಗುವ ಕಾರ್ಖಾನೆ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಒಂದು ಕಾಲಕ್ಕೆ ಮದುವೆಯಾದರೆ ಊರ ಶಾಲೆಗೆ 5 ನಾಣ್ಯ ಕೊಡಬೇಕಿತ್ತು. ಮುಂಜಿಗೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಕ್ರಿ.ಶ. 945ರ ಶಾಸನ ಇದನ್ನು ಕಾಲು ಪಾಲೂ ಬಿಡದೆ ಲೆಕ್ಕ ಹಾಕಿ ಹೇಳುತ್ತದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ ಅದು. ಪರವೂರಿನ ವಿದ್ಯಾರ್ಥಿಗಳಿಗೆ 27 ವಸತಿಗಳು, ದೀಪದ ಖರ್ಚಿಗೇ 12 ನಿವರ್ತನ ಭೂಮಿ. ಪಾವಿಟ್ಟಗೆ ಎಂಬ ಹೆಸರಿಗೆ ‘ಶಾಲೆ’ ಅಂಟಿಕೊಂಡು ಊರು ಸಾಲೋಟಗಿಯಾಯಿತು.

ಆ ಐದು ನಾಣ್ಯ ಎಲ್ಲಿಗೆ ಹೋಗುತ್ತದೆಂಬುದು ಕೊಟ್ಟವನ ಕಣ್ಣೆದುರಿಗೇ ಇತ್ತು. ನಷ್ಟದಲ್ಲಿರುವ ಕಾರು ಕಂಪನಿಗೆ ಸರ್ಕಾರ ಕೈಯೆತ್ತಿ ಕೊಡುವಾಗ ತೆರಿಗೆ ಕಟ್ಟಿದವನಿಗೆ ಆ ಭಾಗ್ಯವಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಹಾಗೆಂದು ಕೊಡಲೇಬಾರದೆ? 2008–09ರಲ್ಲಿ ಅಮೆರಿಕ ಜನರಲ್ ಮೋಟಾರ್ಸ್, ಕ್ರೈಸ್ಲರ್ ಸೇರಿದಂತೆ ಕಾರು ಉದ್ಯಮಕ್ಕೆ ಸುಮಾರು 8,000 ಕೋಟಿ ಡಾಲರ್ ಸುರಿಯಿತು. ಜನರಲ್ ಮೋಟಾರ್ಸ್ ಮುಖ್ಯಸ್ಥ ರಿಕ್ ವ್ಯಾಗನರ್ ಕುರ್ಚಿ ಬಿಡಬೇಕಾಯಿತು, ಕಂಪನಿಯ ಷೇರು ಸರ್ಕಾರದ ಕೈಸೇರಿತು. ಕೊನೆಗೆ ಸಾವಿರ ಕೋಟಿ ಡಾಲರಿನಷ್ಟು ಹಿಂತಿರುಗಲಿಲ್ಲ. ಆದರೆ ಕಾರ್ಖಾನೆಗಳು ಉಳಿದವು. ಬ್ರಿಟನ್ನಿನ ಕಥೆ ಬೇರೆ. ಬ್ರಿಟಿಷ್ ಲೇಲ್ಯಾಂಡನ್ನು 1975ರಲ್ಲಿ ಸರ್ಕಾರ ವಹಿಸಿಕೊಂಡಿತು, ಅದರ ಕೊನೆಯ ಕುಡಿಯಂತಿದ್ದ ಎಂಜಿ ರೋವರ್ 2005ರಲ್ಲಿ ನೆಲಕಚ್ಚಿತು. ನಮ್ಮಲ್ಲಿ, ಒಂದು ಕಾರನ್ನೂ ಜನರಿಗೆ ಮುಟ್ಟಿಸದೆ ಮುಳುಗಿದ ಸಂಜಯ್ ಗಾಂಧಿಯವರ ಮಾರುತಿ 1981ರಲ್ಲಿ ಸರ್ಕಾರಿ ಕಂಪನಿಯಾಗಿ ಮರುಹುಟ್ಟು ಪಡೆದು, ಸುಜುಕಿ ಜತೆಗೂಡಿ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿಯಿತು. ಮೈಸೂರಿನ ಐಡಿಯಲ್ ಜಾವಾಕ್ಕೆ ಅಂಥ ಅದೃಷ್ಟವಿರಲಿಲ್ಲ. ಯೆಜ್ಡಿ ಬೈಕಿನ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಪೂಜಾರಿಗೆ ಹತ್ತಿರವಿದ್ದವರ ಪಾಡು ಬೇರೆಯೇ.

ಸಾಲೋಟಗಿಯ ಜಿಲ್ಲೆಯಲ್ಲೇ ಬಸವನ ಬಾಗೇವಾಡಿ ಇದೆ. ಅಲ್ಲಿ ಹುಟ್ಟಿದ ಬಸವಣ್ಣನ ಕಾಲದ ಶರಣರು ಯಾರಿಗೆ ಎಷ್ಟು ಎಂಬ ಪ್ರಶ್ನೆಯನ್ನು ಎಂದೋ ಬಿಡಿಸಿದ್ದಾರೆ. ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ತಂದಲ್ಲೇ ಹಾಕಿ ಬಾ ಎಂದಳು. ಬಡವಿ ಆಡಿದ ಮಾತು ಇದು. ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಲಕ್ಕಮ್ಮ ಇದ್ದಿದ್ದರೆ!

ಕಾಯಕದ ಕಣ್ಣಲ್ಲಿ ನೋಡಿದರೆ ಉಳಿಸಬೇಕಾದದ್ದು ದುಡಿಯುವ ಕೈ. ಬಿಡಿಭಾಗ ಮಾಡುವವರು, ಮೆಕ್ಯಾನಿಕ್‌ಗಳು, ಗೇಟಿನ ಮುಂದೆ ಚಹಾ ಮಾರುವವರು ಎಲ್ಲ ಅದರಲ್ಲಿ ಬಂದರು. ಕಾರ್ಖಾನೆ ಮುಳುಗಿಸಿದವನ ಗದ್ದುಗೆಗೆ ಉಳಿಯುವ ಹಕ್ಕಿಲ್ಲ. ಮಾಲೀಕ ತನ್ನ ಪಾಲು ಬಿಟ್ಟುಕೊಡದೆ, ಚೇತರಿಸಿಕೊಂಡ ಮೇಲೆ ತಿರುಗಿ ಕೊಡುವ ಕರಾರಿಲ್ಲದೆ ಬಿಚ್ಚುವ ಖಜಾನೆ ದಾಸೋಹದ ಮನೆಯಲ್ಲ, ಬಾಗಿಲಿಲ್ಲದ ಕಣಜ.

ಬರ ಬಿದ್ದಾಗ ಇಂಡಿಯ ನಿಂಬೆ ಬೆಳೆಗಾರ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಳ್ಳುತ್ತಾನೆ. ಒಣಗಿದ ಕೊಂಬೆಗೆ ನೀರು ಹಾಕುವುದಿಲ್ಲ. ಸರ್ಕಾರ ಯಾವ ಕಾರ್ಖಾನೆಗಾದರೂ ಹಣ ಕೊಡಲಿ. ಆದರೆ ಯಾರಿಗೆ, ಎಷ್ಟು, ಯಾವಾಗ ವಾಪಸ್ ಎಂಬುದನ್ನು ಮೊದಲು ಸಾಲೋಟಗಿಯವರ ಹಾಗೆ ಎಲ್ಲರಿಗೂ ಕಾಣುವ ಕಲ್ಲಿನ ಮೇಲೆ ಬರೆಸಲಿ.