ಅಸಲಿ ಯಾರು?

ಅವ್ವನ ತಮ್ಮನಿಗೆ ಏನಂತ ಕರೀಬೇಕು? ಮಾವ ಅನ್ನಬೇಕು. ಇದಕ್ಕೆ ಬಿ.ಎ. ಓದಬೇಕಿಲ್ಲ. ಮಾವ ಅಂದರೆ ಹೆಣ್ಣು ಕೊಡುವ ಮನೆ, ಚೇಷ್ಟೆಯ ಮನೆ. ಅವ್ವನ ತಂಗಿಗೆ ಚಿಗವ್ವ ಅನ್ನಬೇಕು. ಚಿಗವ್ವ ಅಂದರೆ ಅವ್ವ ಸತ್ತರೆ ಅವ್ವನಾಗುವಾಕೆ. ಆಕೆಯ ಮಕ್ಕಳು ಅಣ್ಣತಮ್ಮಂದಿರು, ಅಕ್ಕತಂಗಿಯರು. ನಮ್ಮ ಮಾತಿನೊಳಗೆ ಗಂಡು ಹೆಣ್ಣು ಅನ್ನುವುದು ಬರೀ ಮೈಯ ಸಂಗತಿಯಲ್ಲ ಗೆಳೆಯರೇ. ಮದುವೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಸಾವಿನಲ್ಲಿ ಯಾರು ಏನು ಮಾಡಬೇಕು, ಯಾರು ಯಾರನ್ನು ಬೈಯಬಹುದು ಎಂಬುದೆಲ್ಲ ಆ ಒಂದು ಶಬ್ದದೊಳಗೆ ತೀರ್ಮಾನವಾಗಿಬಿಟ್ಟಿರುತ್ತದೆ.

ನಮ್ಮವ್ವನ ತಮ್ಮನಾಗಿ ಹುಟ್ಟಿದ ಜೀವ ಹದಿನಾರಕ್ಕೆ ಸೀರೆ ಉಟ್ಟಿತು. ತಲೆಯಲ್ಲಿ ಜಡೆ ಬಂತು. ಎಲ್ಲವ್ವ ಹಿಡದಾಳ ಅಂದರು. ಹುಲಿಗಿಗೆ ಕರಕೊಂಡು ಹೋಗಿ ಮುತ್ತು ಕಟ್ಟಿಸಿದರು. ಅಂದಿನಿಂದ ಮಂಗಳವಾರ, ಶುಕ್ರವಾರ ಹಡಲಿಗಿ ಹಿಡಿದು ಐದು ಮನೆ ಜೋಗ ಬೇಡುವ ಜೋಗಪ್ಪ. ನಮ್ಮವ್ವ ಮಾತ್ರ ಬಹಳ ದಿನ ತಮ್ಮ ಅಂತಲೇ ಕರೆದಳು. ನನಗೆ ಮಾತು ಬರುವ ಹೊತ್ತಿಗೆ ಅಜ್ಜಿ ತೀರ್ಪು ಕೊಟ್ಟಿದ್ದಳು: ‘ಚಿಗವ್ವ ಅನ್ನಲೇ. ಹಡದಾಕಿ ನಾನು, ಹೆಸರಿಡಾಕಿನೂ ನಾನ.’ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಊರ ಗೌಡರ ಹೊಲದಲ್ಲಿ ಕಳೆ ಕೀಳುತ್ತಲೇ ಬೆನ್ನು ಬಾಗಿಸಿಕೊಂಡಾಕೆ. ಆಕೆ ಎಷ್ಟು ದೊಡ್ಡ ಮಾತು ಆಡಿದಳೆಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ನಡುವೆ ನಾನು ಓದಿದೆ. ಓದಿದ್ದೇ ಅಡ್ಡಿಯಾಯಿತು ಅಂದರೂ ತಪ್ಪಲ್ಲ.

ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು. ಹಾಸ್ಟೆಲಿನಲ್ಲಿ ಚಳವಳಿಯ ಗೆಳೆಯರು ಸಿಕ್ಕರು, ಅಂಬೇಡ್ಕರ್ ಸಿಕ್ಕರು, ಮೈಯೆಲ್ಲ ಬೆಂಕಿ. ದೇವದಾಸಿ ಪದ್ಧತಿಯ ವಿರುದ್ಧ ಭಾಷಣ ಮಾಡಲು ಕಲಿತೆ. 1982ರಲ್ಲೇ ಕಾಯ್ದೆ ಬಂದಿದೆ, ಆದರೂ ನಮ್ಮ ಕೇರಿಯ ಕೊರಳುಗಳಲ್ಲಿ ಇನ್ನೂ ಮುತ್ತು! ರಜೆಗೆ ಊರಿಗೆ ಬಂದವನೇ ಕಟ್ಟೆಯ ಮೇಲೆ ನಾಲ್ಕು ಜನರೆದುರು ಹೇಳಿದೆ: ‘ಮಾವಾ, ಆ ಮುತ್ತು ಹರದು ಒಗಿ. ಪುರೋಹಿತಶಾಹಿ ನಿನ್ನ ತಲಿ ಕೆಡಿಸೇತಿ. ನೀ ಗಂಡಸು. ದುಡದು ತಿನ್ನು.’

ಹುಟ್ಟಿದಾಗಿನಿಂದ ಚಿಗವ್ವ ಅಂದವನು ಅಂದು ಮಾವ ಅಂದೆ. ಆಕೆ ಸಿಟ್ಟಾಗಲಿಲ್ಲ. ‘ಹರೀತೀನಪಾ. ಹರದಮ್ಯಾಲೆ ನಾ ಏನಾಗ್ಲಿ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲದ್ದಕ್ಕೆ ಇನ್ನೂ ಜೋರಾಗಿ ಭಾಷಣ ಮಾಡಿದೆ.

1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ತಡೆಯಲು ಹೋದ ನಮ್ಮ ಹಿರಿಯರು ಪೆಟ್ಟು ತಿಂದರು. ಆ ಹೋರಾಟ ಸರಿ. ದೇವರ ಹೆಸರಿನಲ್ಲಿ ದಲಿತ ಹೆಣ್ಣುಮಕ್ಕಳ ಮೈಯನ್ನು ಊರಿಗೆ ಬಿಟ್ಟ ವ್ಯವಸ್ಥೆಗೆ ಬೆಂಕಿ ಇಡಬೇಕಾದ್ದೇ. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ಎಲ್ಲವ್ವನ ಹೆಸರಿನಲ್ಲಿ, ಗಂಡೆಂದು ಹುಟ್ಟಿದ ಮೈಯೊಳಗಿನ ಹೆಣ್ಣು ಊರ ನಡುವೆ ತಲೆ ಎತ್ತಿ ನಡೆಯಲು ಒಂದು ಸಣ್ಣ ಸಂದು ಇತ್ತು. ನಾವು ಗುಡಿಯ ಬಾಗಿಲು ಮುಚ್ಚಿ ಅಂದೆವು. ನಮ್ಮ ಸಂಘದ ಕಚೇರಿಯ ಬಾಗಿಲನ್ನು ಅವರಿಗಾಗಿ ತೆರೆದಿದ್ದೆವಾ? ದೇವಿ ಬಿಟ್ಟರೆ ಬೇರೆ ಯಾರೂ ‘ಬಾ’ ಅನ್ನದವರಿಗೆ ದೇವಿಯನ್ನು ಬಿಡು ಅನ್ನುವುದು ಸುಲಭ.

ಹುಟ್ಟಿದಾಗ ಸೂಲಗಿತ್ತಿ ನೋಡಿ ಹೇಳಿದ್ದೇ ನಿಜ, ಆಮೇಲೆ ಮನುಷ್ಯ ತನ್ನ ಬಗ್ಗೆ ತಾನು ಹೇಳುವುದೆಲ್ಲ ರೋಗ, ವೇಷ ಅಥವಾ ನಕಲು ಅನ್ನುವ ಎಣಿಕೆಗೆ ಇಂಗ್ಲಿಷಿನವರು ಸಿಸ್‌ಸೆಕ್ಸಿಸಂ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಸಿಸ್ ಅಂದರೆ ಈಚೆ ಕಡೆ, ಟ್ರಾನ್ಸ್ ಅಂದರೆ ಆಚೆ ಕಡೆಯಂತೆ. ಈಚೆ ಊರು, ಆಚೆ ಕೇರಿ! ಶಬ್ದ ಹೊಸದು, ರೋಗ ನಮಗೆ ಗುರುತಿನದೇ. ಮೇಲುಜಾತಿಯ ಸಹಪಾಠಿಗೆ ನಿನ್ನ ಜಾತಿ ಯಾವುದು ಅಂತ ಕೇಳಿದರೆ ‘ನಾನು ಜಾತಿ ನಂಬಲ್ಲ’ ಅನ್ನುತ್ತಾನೆ. ಅವನು ಬರೀ ಮನುಷ್ಯ. ಜಾತಿ ಇರುವುದು ನಮಗೆ ಮಾತ್ರ, ಹಾಸ್ಟೆಲಿನ ಗೋಡೆಯ ಮೇಲೆ ಬರೆದಿರುತ್ತದೆ. ಹಾಗೆಯೇ ನಾನು ಬರೀ ಗಂಡಸು. ‘ನೀನು ಗಂಡಸು ಹೌದೋ ಅಲ್ಲವೋ ತೋರಿಸು’ ಅಂತ ನನ್ನನ್ನು ಯಾರೂ ಕೇಳಿಲ್ಲ. ಚಿಗವ್ವನನ್ನು ಬಸ್ ಸ್ಟ್ಯಾಂಡಿನಲ್ಲಿ ದಿನಾ ಕೇಳುತ್ತಾರೆ. ಕೇಳುವ ಹಕ್ಕು ತಮಗಿದೆ ಎಂದುಕೊಂಡವರ ದರ್ಪವನ್ನು ಸಂತೆಯಲ್ಲಿ, ಹೋಟೆಲಿನಲ್ಲಿ ಉಂಡವರು ನಾವು. ಅದೇ ದರ್ಪ ನನ್ನ ಬಾಯಿಂದ ಕಟ್ಟೆಯ ಮೇಲೆ ಬಂತು.

ಕನ್ನಡದ ಒಂದು ಗಮ್ಮತ್ತು ನೋಡಿ. ‘ಅವರು ಬಂದರು’ ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಎಲ್ಲರನ್ನೂ ಒಳಗೊಳ್ಳುವ ಮಾತು ನಮ್ಮ ಗಂಟಲಲ್ಲಿ ಮೊದಲಿಂದಲೂ ಇದೆ. ಆದರೆ ಆ ‘ಅವರು’ ಯಾರಿಗೆ ಸಿಗುತ್ತಿತ್ತು? ಗೌಡರ ಹತ್ತು ವರ್ಷದ ಹುಡುಗ ‘ಬಂದರು’. ಎಪ್ಪತ್ತು ವರ್ಷದ ನಮ್ಮಜ್ಜ ‘ಬಂದ ಲೇ’. ಚಿಗವ್ವ ‘ಬಂತು ನೋಡು’. ಹಸು ಬಂತು, ಬಸ್ಸು ಬಂತು, ಅದು ಬಂತು. ವ್ಯಾಕರಣದ ಮೇಷ್ಟ್ರು ಇದನ್ನು ನಪುಂಸಕಲಿಂಗ ಅಂತ ಕಲಿಸಿದಾಗ ಇಡೀ ಕ್ಲಾಸು ನಕ್ಕಿತ್ತು. ನಾನೂ ನಕ್ಕೆ.

ಆ ನಪುಂಸಕ ಎಂಬ ಶಬ್ದಕ್ಕೆ ಪೊಲೀಸ್ ಚರಿತ್ರೆಯೂ ಇದೆ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಒಂದು ಭಾಗದಲ್ಲಿ ಅಲೆಮಾರಿ ಜನ, ಇನ್ನೊಂದು ಭಾಗದಲ್ಲಿ ‘ನಪುಂಸಕರು’. ಇವರ ಹೆಸರು ರಿಜಿಸ್ಟರಿನಲ್ಲಿ. ಹೆಸರು ಬಿದ್ದವರು ಮಗುವನ್ನು ದತ್ತು ತಗೊಳ್ಳುವಂತಿಲ್ಲ, ಉಯಿಲು ಬರೆಯುವಂತಿಲ್ಲ. ನಮ್ಮ ಅಲೆಮಾರಿ ಬಂಧುಗಳನ್ನೂ ಹಿಜ್ರಾಗಳನ್ನೂ ಹೊಲಿದದ್ದು ಒಂದೇ ಸೂಜಿ. ಹಳೆಯ ಕತೆ ಅಂತ ಬಿಡುವ ಹಾಗೂ ಇಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಮತ್ತೆ ರಿಜಿಸ್ಟರಿನ ಮಾತಾಡಿದರು. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ, ಆ ಶಬ್ದವನ್ನು ತೆಗೆದರು.

ಹಾಗಾದರೆ ಒಳ್ಳೆಯ ಹೆಸರಿಟ್ಟರೆ ಮುಗಿಯಿತೇ? ಗಾಂಧೀಜಿ ಹರಿಜನ ಎಂದರು. ಹರಿಯ ಮಕ್ಕಳಾಗಿ ಕೇರಿಯಲ್ಲೇ ಇದ್ದೆವು. ಆ ಸಕ್ಕರೆ ಉಗುಳಿ ನಾವೇ ದಲಿತ ಎಂದುಕೊಂಡೆವು. ಈಗ ಪತ್ರಿಕೆಗಳವರು ಮಂಗಳಮುಖಿ ಎನ್ನುತ್ತಾರೆ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಆ ಸಮುದಾಯದೊಳಗೂ ಇದ್ದಾರೆ, ಅವರಿಷ್ಟ. ಆದರೆ ಹೊಸ ಅಂಗಡಿಗೆ ಬಂದು ಹರಸಿದಾಗ ಮಂಗಳಮುಖಿ, ಬಾಡಿಗೆ ಮನೆ ಕೇಳಿದಾಗ ಅಮಂಗಳ! ಸರ್ಕಾರದ ಕಾಗದಗಳಲ್ಲಿ ತೃತೀಯ ಲಿಂಗಿ ಎಂದು ಬಂತು. ಮೂರನೆಯದು ಸರಿ, ಒಂದು ಎರಡು ಅಂತ ಎಣಿಸಿದವರು ಯಾರು? ನಾನು ಈ ಶಬ್ದ ಓದಿ ಹೇಳಿದಾಗ ಚಿಗವ್ವ, ‘ನಾವೆಲ್ಲಿ ಲಿಂಗಾ ಕಟ್ಟಿಗೊಂಡೀವೋ?’ ಅಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ಹೊರಗಿನವರು ಕೆಟ್ಟವರು, ಒಳಗಿನವರು ಒಳ್ಳೆಯವರು ಎಂಬ ಸುಲಭದ ಲೇಖನವಾಗುತ್ತಿತ್ತು. ಚಿಗವ್ವನ ಬದುಕು ಅಷ್ಟು ಸುಲಭದ್ದಲ್ಲ.

ಒಂದು ವರ್ಷ ಮಳೆ ಕೈಕೊಟ್ಟು ಜೋಗಕ್ಕೆ ಕಾಳು ಹಾಕುವವರಿಲ್ಲದಾಗ ಆಕೆ ಬೆಂಗಳೂರಿಗೆ ಹೋದಳು. ಅಲ್ಲಿ ಹಿಜ್ರಾ ಸಮುದಾಯದ ಒಂದು ಹಮಾಮಿನಲ್ಲಿ ಅನ್ನ ಸಿಕ್ಕಿತು, ಗುರು ಸಿಕ್ಕಳು. ಜ್ವರ ಬಂದಾಗ ರಾತ್ರಿಯಿಡೀ ಹಣೆ ಒತ್ತಿದವರೂ ಅವರೇ. ಇದನ್ನು ಮೊದಲು ಬರೀಬೇಕು, ಯಾಕೆಂದರೆ ರಕ್ತ ಹಂಚಿಕೊಂಡ ನಾವು ಆಗ ಒಂದು ಫೋನೂ ಮಾಡಿರಲಿಲ್ಲ. ಆದರೆ ಸ್ವಲ್ಪ ದಿನದಲ್ಲೇ ಆಕೆಗೆ ಅಲ್ಲೊಂದು ಹೆಸರು ಅಂಟಿತು: ಅಕ್ವಾ. ಅಂದರೆ ನಿರ್ವಾಣ ಆಗದವಳು, ಶಸ್ತ್ರ ಮಾಡಿಸಿಕೊಂಡು ಗಂಡಸಿನ ಗುರುತು ತೆಗೆಸದವಳು. ನಿರ್ವಾಣ ಆದವರು ಮೇಲೆ, ಅಕ್ವಾಗಳು ಕೆಳಗೆ. ಜೋಗಪ್ಪಗಳ ರಿವಾಜಿನಲ್ಲಾದರೋ ಮೈ ಎಲ್ಲವ್ವನದು, ಅದಕ್ಕೆ ಕತ್ತಿ ತಾಗಿಸುವಂತಿಲ್ಲ. ಹೀಗಾಗಿ ಊರಲ್ಲಿ ‘ಇವನೆಂಥಾ ಗಂಡಸು’, ಹಮಾಮಿನಲ್ಲಿ ‘ಇವಳೆಂಥಾ ಹೆಂಗಸು’. ಎರಡೂ ಕಡೆ ಅಳತೆಗೋಲು ಒಂದೇ, ಅದೇ ಮೈಯ ತುಂಡು!

ಯಾವ ಕೋಲಿನಿಂದ ಹೊಡೆಸಿಕೊಂಡರೋ ಅದೇ ಕೋಲನ್ನು ಅವರೂ ಹಿಡಿದರೆ? ಬಾಬಾಸಾಹೇಬರು ಇದಕ್ಕೆ ಶ್ರೇಣೀಕೃತ ಅಸಮಾನತೆ ಎಂದರು. ಪ್ರತಿಯೊಬ್ಬನಿಗೂ ಕೆಳಗೆ ಒಬ್ಬನನ್ನು ಇಟ್ಟು, ಮೇಲಿನ ಒದೆಯನ್ನು ಮರೆಸುವ ಏಣಿ. ನಮ್ಮ ಎಡಗೈ ಬಲಗೈ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹಮಾಮಿನವರನ್ನು ಬೈದು ಕೈತೊಳೆದುಕೊಳ್ಳಲಾರೆ. ಅಸಲಿ ಹಿಜ್ರಾ, ನಕಲಿ ಹಿಜ್ರಾ ಅಂತ ಪೊಲೀಸರು ಲಾಠಿ ಹಿಡಿದು ಆರಿಸುವಾಗ, ನಿರ್ವಾಣವೇ ಗುರುತಿನ ಚೀಟಿಯಾದದ್ದು ಅವರ ತಪ್ಪಾ?

ಇನ್ನೊಬ್ಬ ಗೆಳೆಯನ ವಿಷಯ. ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡು ಈಗ ಗಂಡಾಗಿ ಬದುಕುವವನು, ನಮ್ಮ ಜಾತಿಯವನೇ. ಇಂಥವರಿಗೆ ನಮ್ಮ ಕಡೆ ಇದ್ದದ್ದು ಗಂಡುಬೀರಿ ಎಂಬ ಬೈಗುಳ ಒಂದೇ. ಎಲ್ಲವ್ವ ಅವನನ್ನು ಹಿಡಿಯಲಿಲ್ಲ. ಗುರು ಚೇಲಾ ಮನೆಗಳಲ್ಲೂ ಅವನಿಗೆ ಜಾಗವಿಲ್ಲ, ಅಲ್ಲಿಗೆ ಸೇರುವವರು ಗಂಡೆಂದು ಹುಟ್ಟಿದವರು. ನಗರದ ಸಭೆಯೊಂದರಲ್ಲಿ ಇಂಗ್ಲಿಷ್ ಬಲ್ಲವರು ಸುತ್ತ ಕೂತು, ನೀವು ನಿಮ್ಮನ್ನು ಯಾವ ಪದದಿಂದ ಗುರುತಿಸಿಕೊಳ್ಳುತ್ತೀರಿ ಎಂದು ವಿನಯದಿಂದ ಕೇಳಿದರಂತೆ. ಇವನಿಗೆ ಆ ಪದಗಳು ಗೊತ್ತಿರಲಿಲ್ಲ. ಗಂಡಸು ಅಂದ. ಅಷ್ಟೇನಾ ಅಂದರಂತೆ. ನಮ್ಮ ಚಳವಳಿಯ ಶಿಬಿರದಲ್ಲಿ ಇನ್ನೂ ಚೆನ್ನಾಗಿತ್ತು: ಮಲಗುವ ಹೊತ್ತಿಗೆ ‘ತಂಗೀ, ನೀ ಹೆಣ್ಮಕ್ಕಳ ಕೋಣೆಗೆ ಹೋಗವ್ವ’ ಎಂದು ನಮ್ಮ ಹಿರಿಯ ಸಂಗಾತಿಯೊಬ್ಬರು ಪ್ರೀತಿಯಿಂದಲೇ ಹೇಳಿದರು. ಅವನು ರಾತ್ರಿ ಹೊರಗೆ ಜಗಲಿಯ ಮೇಲೆ ಮಲಗಿದ. ಜಗಲಿಯ ಮೇಲೆ ಮಲಗುವುದೇನು ಎಂಬುದು ನಮಗೆ ಗೊತ್ತಿರಬೇಕಿತ್ತು.

ಒಬ್ಬ ಗೆಳೆಯರು ನನ್ನನ್ನು ತಡೆದು ಕೇಳಿದರು. ‘ಸುಳ್ಳು ಜಾತಿ ಪ್ರಮಾಣಪತ್ರ ತಂದು ನಮ್ಮ ಪಾಲು ಕದಿಯುವವರನ್ನು ಹಿಡಿಯಿರಿ ಅಂತ ನಾವೇ ಕೂಗ್ತೀವಿ. ಪುರಾವೆ ಬೇಕು ಅಂತೀವಿ. ಮತ್ತೆ ಇವರಿಗೆ ಪುರಾವೆ ಬೇಡವಾ? ಯಾರು ಬೇಕಾದರೂ ಏನು ಬೇಕಾದರೂ ಹೇಳಿಕೊಳ್ಳಬಹುದಾ?’ ಈ ಪ್ರಶ್ನೆ ಒಂದು ತಿಂಗಳು ನನ್ನ ನಿದ್ದೆ ಕೆಡಿಸಿತು.

ನನಗೆ ತೋಚಿದ್ದು ಇಷ್ಟು. ಜಾತಿಯ ಪತ್ರ ನಾನು ಒಳಗೆ ಏನು ಎಂಬುದಕ್ಕೆ ಸಾಕ್ಷಿಯಲ್ಲ. ಊರು ನನ್ನ ಹಿರಿಯರಿಗೆ ಏನು ಮಾಡಿತು ಎಂಬುದಕ್ಕೆ ಸಾಕ್ಷಿ. ಅದು ಊರಿನ ಸಾಲದ ಚೀಟಿ. ಹೀಗಾಗಿ ಅದನ್ನು ಹೊರಗಿನಿಂದ ಪರೀಕ್ಷಿಸಬಹುದು. ತಾನು ಹೆಣ್ಣು ಎಂಬ ಚಿಗವ್ವನ ತಿಳಿವಳಿಕೆಗೆ ಆಕೆಯ ಹೊರತು ಬೇರೆ ಸಾಕ್ಷಿಯೇ ಇಲ್ಲ. ಅಲ್ಲಿ ಪುರಾವೆ ಕೇಳುವುದೆಂದರೆ ಸೀರೆ ಎತ್ತು ಅಂತ ಕೇಳುವುದೇ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆನ್ನುವುದು ತಪ್ಪು, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಐದೇ ವರ್ಷದಲ್ಲಿ, 2019ರಲ್ಲಿ, ಬಂದ ಕಾಯ್ದೆ ಜಿಲ್ಲಾಧಿಕಾರಿಯ ಸಹಿ ಬೇಕೆಂದಿತು. ಗಂಡು ಅಥವಾ ಹೆಣ್ಣು ಎಂದೇ ಬರೆಸಬೇಕಾದರೆ ಶಸ್ತ್ರಚಿಕಿತ್ಸೆಯ ಕಾಗದ ತಾ ಅಂದಿತು. ಹಮಾಮಿನ ಅಳತೆಗೋಲು ಡಿ.ಸಿ. ಆಫೀಸಿಗೂ ಬಂತು.

ಪಾಲು ಹಂಚುವಾಗ ಸರ್ಕಾರಕ್ಕೆ ಒಂದು ಚೀಟಿ ಬೇಕಾಗುತ್ತದೆ, ಒಪ್ಪುತ್ತೇನೆ. 2021ರ ಜುಲೈಯಲ್ಲಿ ಕರ್ನಾಟಕ ತನ್ನ ನೇಮಕಾತಿ ನಿಯಮ ತಿದ್ದಿ ಇವರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು, ಅದೂ ಎಲ್ಲ ಪ್ರವರ್ಗಗಳ ಒಳಗೆ ಅಡ್ಡಲಾಗಿ. ಆ ‘ಅಡ್ಡಲಾಗಿ’ ಎಂಬುದು ಸಣ್ಣದಲ್ಲ. ಇಲ್ಲದಿದ್ದರೆ ದಲಿತರಲ್ಲಿ ಹುಟ್ಟಿದವರು ಲಿಂಗದ ಪಾಲಿಗಾಗಿ ಜಾತಿಯ ಪಾಲನ್ನು ಬಿಟ್ಟುಕೊಡಬೇಕಿತ್ತು. ಜಾತಿ ಆಧಾರದ ಮೇಲೆಯೇ ಅಡ್ಡ ಮೀಸಲಾತಿ ಬೇಕೆಂದು ದಲಿತ ಟ್ರಾನ್ಸ್ ಹೋರಾಟಗಾರರು ಕೂಗಿ ಕೂಗಿ ಹೇಳಿದ್ದರು. ಈ ಕೂಗಿಗೆ ನಮ್ಮ ಎಷ್ಟು ಸಭೆಗಳಲ್ಲಿ ಠರಾವು ಆಯಿತು? ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಫೋಟೋ ಹಂಚಿಕೊಂಡು ಖುಷಿಪಟ್ಟೆವು. ಅದೇ ವಾರ ನಮ್ಮೂರ ಹೋಟೆಲಿನಲ್ಲಿ ಚಿಗವ್ವನಿಗೆ ಹೊರಗಿನ ಕಟ್ಟೆಯ ಮೇಲೆ ಚಹಾ ಕೊಟ್ಟರು. ಜಾತಿಗೆ ಕೊಟ್ಟರೋ ಸೀರೆಗೆ ಕೊಟ್ಟರೋ, ಬಿಡಿಸಿ ಹೇಳಲು ನನ್ನಿಂದಾಗದು. ಆಕೆಯಿಂದಲೂ ಆಗದು.

ಆದರೆ ಚಿಗವ್ವ ಎಂದು ಕರೆಯಲು ಯಾವ ಚೀಟಿ ಬೇಕು? ಸಂಘದ ಚಾಪೆಯ ಮೇಲೆ ಕೂರಿಸಿಕೊಳ್ಳಲು ಯಾವ ಡಾಕ್ಟರ ಸಹಿ ಬೇಕು? ಮುತ್ತು ಕಟ್ಟಿದ್ದಕ್ಕೆ ಇನ್ನೂ ನನಗೆ ಸಿಟ್ಟಿದೆ. ಮುತ್ತು ಹರಿದರೂ ಆಕೆ ಆಕೆಯೇ ಆಗಿರುವಂಥ ಒಂದು ಕೇರಿ ಕಟ್ಟಿದ ಮೇಲೆ ಆ ಸಿಟ್ಟಿನ ಮಾತಾಡುತ್ತೇನೆ.

2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಯಿತಲ್ಲ, ಆಗ ನಮ್ಮ ಮನೆಗೂ ಒಬ್ಬ ಶಾಲಾ ಮೇಷ್ಟ್ರು ಬಂದರು. ಬಿಸಿಲಿಗೆ ಬೆವೆತಿದ್ದರು. ಅವ್ವ ನೀರು ಕೊಟ್ಟಳು, ಕುಡಿದರು. ಇದನ್ನೂ ಬರೆದಿಡಬೇಕಾದ ಕಾಲ ಇನ್ನೂ ಹೋಗಿಲ್ಲ. ಮೊಬೈಲಿನಲ್ಲಿ ಒಬ್ಬೊಬ್ಬರದೇ ತುಂಬುತ್ತಾ ಬಂದು ಚಿಗವ್ವನ ಮುಖ ನೋಡಿ ತಡೆದರು. ನನ್ನ ಕಡೆ ತಿರುಗಿ ಮೆಲ್ಲಗೆ, ‘ಇವರನ್ನ ಏನಂತ ಹಾಕ್ಲಿ?’ ಅಂದರು.

ಕಟ್ಟೆಯ ಮೇಲಿನ ಆ ದಿನ ನೆನಪಾಗಿ ನನ್ನ ಬಾಯಿ ಕಟ್ಟಿತು. ಚಿಗವ್ವನೇ ಅಂದಳು:

‘ನನ್ನ ಕೇಳ್ರಿ ಸರ. ಅಂವಾ ಕವಿ ಅದಾನ, ಸುಳ್ಳು ಹೇಳ್ತಾನ. ಮಾದಿಗರು ಅಂತ ಬರೀರಿ. ಹೆಂಗಸು ಅಂತ ಬರೀರಿ. ಜೋಗಪ್ಪ ಅಂತ ಬರ್ಯಾಕೂ ಜಾಗಾ ಐತೇನು ನೋಡ್ರಿ.’

ಮೇಷ್ಟ್ರು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಸರಿಸಿ ಹುಡುಕಿದರು.

‘ಇಲ್ಲ ಬೇ ಯವ್ವಾ’ ಅಂದರು.