ಕಾಯಕದ ನಡುವಣ ಶಿವಧ್ಯಾನ

ಕಾಯಕದಲ್ಲಿಯೇ ಕೈಲಾಸವನ್ನು ಕಂಡವರು ನಮ್ಮ ಶಿವಶರಣರು. ಇದನ್ನು ಬಲ್ಲ ಸದ್ಗೃಹಸ್ಥರಲ್ಲಿ ಒಂದು ಸಂದೇಹವು ಸಹಜವಾಗಿ ಹುಟ್ಟುವದು. ದುಡಿಮೆಯೇ ಪೂಜೆಯಾದ ಮೇಲೆ ದುಡಿಮೆಯ ನಡುವೆ ಧ್ಯಾನಕ್ಕೆಂದು ನಿಲ್ಲುವದೇತಕ್ಕೆ? ಬೆಳಗಿನಲ್ಲಿ ಇಷ್ಟಲಿಂಗಪೂಜೆಯನ್ನು ತೀರಿಸಿ ಹೊರಟವನು ಸಂಜೆಯವರೆಗೆ ಪ್ರಾಮಾಣಿಕವಾಗಿ ಕೆಲಸ ಮಾಡಿದರೆ ಸಾಲದೆ? ಬಾಗಲಕೋಟೆಯ ನವನಗರದ ಕಚೇರಿಗಳಲ್ಲಿ ಕಡತ ನೋಡುವವರಿಗೂ ಹುನಗುಂದದ ಶಾಲೆಗಳಲ್ಲಿ ಪಾಠ ಹೇಳುವವರಿಗೂ ಈ ಪ್ರಶ್ನೆಯುಂಟು. ಇಂದು ಮೊಬೈಲ್ ಎಂಬುದು ಜೇಬಿನಲ್ಲಿಯೇ ಕುಳಿತು ಕೆಲಸವನ್ನು ಮನೆಯವರೆಗೂ ಬೆನ್ನಟ್ಟಿ ತರುತ್ತಿರುವದರಿಂದ ಪ್ರಶ್ನೆಯು ಮತ್ತಷ್ಟು ತೀಕ್ಷ್ಣವಾಗಿದೆ.

ಈ ಸಂದೇಹಕ್ಕೆ ಆಧಾರವಾಗಿ ಆಯ್ದಕ್ಕಿ ಮಾರಯ್ಯನವರ ನಿಲುವನ್ನು ಹೇಳುವದುಂಟು. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂಬಷ್ಟು ನಿಷ್ಠುರವಾದ ನಿಲುವು ಅವರದು. ಆದರೆ ಅವರ ಬಾಳಿನ ಕಥೆಯನ್ನೂ ಅದರೊಡನೆ ನೆನೆಯಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಅವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಆಯುವ ಕೈ ಕದ್ದಿರಲಿಲ್ಲ. ಆದರೆ ಎಷ್ಟು ಸಾಕೆಂಬ ಎಚ್ಚರವು ಆ ಹೊತ್ತಿಗೆ ಅದಕ್ಕೆ ಉಳಿದಿರಲಿಲ್ಲ. ಸತಿ ಲಕ್ಕಮ್ಮನವರು ತಡೆದು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿದರು. ಕಾಯಕದಲ್ಲಿ ತನ್ನನ್ನೇ ಮರೆತ ಮಹಾನುಭಾವರಿಗೂ ತಡೆದು ನಿಲ್ಲಿಸುವ ಒಂದು ದನಿ ಬೇಕಾಯಿತು. ಕೆಲಸದ ನಡುವಣ ಶಿವಧ್ಯಾನವು ನಮ್ಮೊಳಗಿನ ಲಕ್ಕಮ್ಮನ ದನಿ.

ಇತ್ತೀಚೆಗೆ ದೊಡ್ಡ ಪಟ್ಟಣಗಳ ಕಂಪನಿಗಳಲ್ಲಿ ನೌಕರರಿಗೆ ಐದು-ಹತ್ತು ನಿಮಿಷಗಳ ಧ್ಯಾನವನ್ನು ಕಲಿಸುವ ರೂಢಿ ಬಂದಿದೆ. ದಣಿವು ಆರಿ ಚಿತ್ತವು ಹಗುರಾಗುವದು ಒಳ್ಳೆಯದೇ. ಆದರೆ ಧ್ಯಾನಿಸಿದವನು ಇನ್ನೆರಡು ತಾಸು ಹೆಚ್ಚು ದುಡಿಯಲೆಂಬುದೇ ಗುರಿಯಾದರೆ ಅದು ಗಾಲಿಗೆ ಕೀಲೆಣ್ಣೆ ಹಚ್ಚಿದಂತೆ. ಬಂಡಿಯು ಎತ್ತ ಹೊರಟಿದೆಯೆಂದು ಕೀಲೆಣ್ಣೆ ಕೇಳುವದಿಲ್ಲ. ಶಿವಧ್ಯಾನವು ಕೇಳುವದು: ಈ ದುಡಿಮೆ ಯಾರ ಸಲುವಾಗಿ? ಇದರಲ್ಲಿ ದಾಸೋಹದ ಪಾಲೆಷ್ಟು? ಈ ಕಾಗದಕ್ಕೆ ನಾನು ಹಾಕುವ ರುಜು ಶುದ್ಧವಾದುದೇ?

ಇಳಕಲ್ಲಿನ ನೇಕಾರರ ಕೆಲಸದಲ್ಲಿ ಇದಕ್ಕೊಂದು ನಿದರ್ಶನವಿದೆ. ಅಲ್ಲಿಯ ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಕೊಂಡಿ ಹಾಕುವ ಹೊತ್ತಿನಲ್ಲಿ ಬಟ್ಟೆಯು ಒಂದು ಅಂಗುಲವೂ ಬೆಳೆಯುವದಿಲ್ಲ. ಅಷ್ಟರಿಂದ ಆ ಹೊತ್ತು ವ್ಯರ್ಥವಾಯಿತೆಂದು ಯಾವ ನೇಕಾರನೂ ಹೇಳಲಾರನು. ಅದಿಲ್ಲದೆ ಒಡಲಿಗೆ ಸೆರಗು ಕೂಡುವದಿಲ್ಲ. ಹಾಗೆಯೇ ದಿನದ ದುಡಿಮೆಯನ್ನು ಲಿಂಗಾರ್ಪಣಕ್ಕೆ ಕೂಡಿಸುವ ಕೊಂಡಿಯು ಕ್ಷಣಕಾಲದ ಧ್ಯಾನ.

ಹಾಗೆಂದು ಎಲ್ಲಿ ಬೇಕಾದಲ್ಲಿ ಕಣ್ಣು ಮುಚ್ಚುವದು ಸಲ್ಲದು. ಪಿಂಚಣಿಯ ಕಾಗದವನ್ನು ಹಿಡಿದು ಮುದುಕಿಯೊಬ್ಬಳು ಮೇಜಿನ ಮುಂದೆ ನಿಂತಿರುವಾಗ ಗುಮಾಸ್ತನು ಧ್ಯಾನಸ್ಥನಾದರೆ ಅದು ಶಿವಯೋಗವಾಗದು. ಎದುರಿಗೆ ಬಂದ ಜಂಗಮವನ್ನು ಕಾಯಿಸಿದಂತಾಗುವದು. ಮಾರಯ್ಯನವರ ನಿಷ್ಠುರತೆಯು ಅಲ್ಲಿ ನಮ್ಮ ಗುರು. ಒಬ್ಬರ ಕೆಲಸವನ್ನು ಮುಗಿಸಿ ಮತ್ತೊಬ್ಬರನ್ನು ಕರೆಯುವ ಮೊದಲು, ಕಡತವನ್ನು ಬಿಚ್ಚುವ ಮೊದಲು, ಬುತ್ತಿಯನ್ನು ಬಿಚ್ಚಿದಾಗ, ಎದೆಯ ಮೇಲಣ ಇಷ್ಟಲಿಂಗವನ್ನು ಸ್ಪರ್ಶಿಸಿ ನಾಲ್ಕಾರು ಉಸಿರುಗಳಷ್ಟು ಷಡಕ್ಷರಿಯನ್ನು ಸ್ಮರಿಸಿದರೆ ಸಾಕು. ದೇವರನ್ನು ಅಂಗದ ಮೇಲೆಯೇ ಧರಿಸಿದ ನಮಗೆ ಗುಡಿಯವರೆಗೆ ಹೋಗಿಬರುವ ಹೊತ್ತು ಬೇಡ.

ವೇಳೆಯಿಲ್ಲವೆಂಬ ಮಾತನ್ನೂ ಪರೀಕ್ಷಿಸಬೇಕು. ತಂಬಾಕಿಗೆ, ಗುಟಕಾಕ್ಕೆ, ಪರನಿಂದೆಗೆ ದಿನದಲ್ಲಿ ಹಲವು ಬಾರಿ ನಾವು ಕೆಲಸವನ್ನು ನಿಲ್ಲಿಸುತ್ತೇವೆ. ಇಳಕಲ್ಲಿನ ಪೂಜ್ಯ ಮಹಾಂತ ಅಪ್ಪಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯು ಹಣವನ್ನು ಬೇಡಲಿಲ್ಲ, ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ಆ ಜೋಳಿಗೆಗೆ ಒಂದು ಚಟವನ್ನು ನೀಡಿದವನಿಗೆ, ಆ ಚಟವು ನುಂಗುತ್ತಿದ್ದ ಹೊತ್ತೂ ಮರಳಿ ದೊರೆಯುವದು. ಶಿವಧ್ಯಾನಕ್ಕೆ ಅದೇ ಸಾಕು.

ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ಯೋಗಸಾಧನೆಯ ಜೊತೆಗೆ ಗೋಸೇವೆಯೂ ವಿಭೂತಿ ತಯಾರಿಸುವ ಕೆಲಸವೂ ನಡೆದುಬಂದಿವೆ. ಅಲ್ಲಿ ಸಾಧಕರಿಗೂ ದುಡಿಮೆ ಬಿಡಲಿಲ್ಲ. ಬಿಜ್ಜಳನ ಭಂಡಾರದ ಲೆಕ್ಕವನ್ನು ಹೊತ್ತಿದ್ದ ಬಸವಣ್ಣನವರಿಗೆ ಕೂಡಲಸಂಗಮನ ನೆನಹು ಬಿಡಲಿಲ್ಲ. ಕಡತವನ್ನು ಹೊತ್ತ ನಾವೂ ಆ ದಾರಿಯವರೇ. ಭಕ್ತಾದಿಗಳು ನಾಳೆಯ ಕಾಯಕದಲ್ಲಿ ಒಂದು ಕಡೆಯಾದರೂ ಇಂಥ ಕೊಂಡಿಯನ್ನು ಹಾಕಿ ನೋಡಲಿ; ಆ ಮೌನದಲ್ಲಿ ಲಕ್ಕಮ್ಮನವರು ಕೇಳುವ ಪ್ರಶ್ನೆಗೆ ಅಂಜದೆ ಉತ್ತರಿಸುವ ಬಲವನ್ನು ಪರಶಿವನು ಎಲ್ಲರಿಗೂ ಕರುಣಿಸಲಿ.