ಬಿಚ್ಚದ ಲಕೋಟೆ



ನಮ್ಮ ಕಡೆಯ ಅನೇಕ ಮನೆಗಳಲ್ಲಿ ತಿಜೋರಿಯ ಮೇಲೋ ದೇವರ ಪಟದ ಹಿಂದೋ ಒಂದು ಲಕೋಟೆ ಇರುತ್ತದೆ. ಬ್ಯಾಂಕಿನಿಂದಲೋ ಸೊಸೈಟಿಯಿಂದಲೋ ಬಂದದ್ದು. ಬಂದ ದಿನದಿಂದ ಯಾರೂ ಬಿಚ್ಚಿಲ್ಲ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ವರ್ಷವಾಗಿದೆ. ಕೇಳಿದರೆ, "ಸುಗ್ಗಿ ಆಗಲಿ, ಆಮ್ಯಾಲೆ ನೋಡೂಣು" ಎಂಬ ಉತ್ತರ. ಸುಗ್ಗಿ ಮುಗಿಯುತ್ತದೆ, ಕಡಲೆ ಮಾರಾಟವಾಗುತ್ತದೆ. ಲಕೋಟೆ ಮಾತ್ರ ಇದ್ದಲ್ಲೇ ಇರುತ್ತದೆ. ಹೀಗೆ ನೋಡದೆ ಇರುವುದು ಬರೀ ದುರಭ್ಯಾಸವೋ, ಪಾಪವೋ?

ಇದನ್ನು ಸೋಮಾರಿತನ ಎನ್ನಲಾಗದು. ನಸುಕಿನಲ್ಲೆದ್ದು ಮೆಣಸಿನಕಾಯಿ ಬಿಡಿಸಲು ಹೋಗುವವರು ಸೋಮಾರಿಗಳಲ್ಲ. ಅವರನ್ನು ತಡೆಯುವುದು ಭಯ ಮತ್ತು ನಾಚಿಕೆ. ಕಣ್ಣಿಗೆ ಬೀಳದ ಅಂಕಿ ಇನ್ನೂ ನಿಜವಲ್ಲ ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ಆದರೆ ಬಡ್ಡಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವನ್ನೇ ನೋಡಿರಿ. 3 ಲಕ್ಷ ರೂಪಾಯಿವರೆಗೆ ಬಡ್ಡಿ ಶೇಕಡಾ 7. ಗಡುವಿನೊಳಗೆ ಕಟ್ಟಿದರೆ 3 ರಿಯಾಯಿತಿ, ಉಳಿಯುವುದು 4. ಗಡುವಿನ ತಾರೀಖು ನೋಡದವನಿಗೆ ಈ ರಿಯಾಯಿತಿ ಕೈತಪ್ಪುತ್ತದೆ. ಲಕ್ಷಕ್ಕೆ ವರ್ಷಕ್ಕೆ 3000 ರೂಪಾಯಿ, ಬರೀ ನೋಡದಿದ್ದುದಕ್ಕೆ!

ಸಂತ ಥಾಮಸ್ ಅಕ್ವಿನಾಸರು ಅಜ್ಞಾನದ ಬಗ್ಗೆ ವಿಚಾರಿಸುತ್ತಾ ಒಂದು ಭೇದವನ್ನು ತೋರಿಸುತ್ತಾರೆ. ತಿಳಿಯಲು ಸಾಧ್ಯವೇ ಇಲ್ಲದ್ದನ್ನು ತಿಳಿಯದಿದ್ದರೆ ದೋಷವಿಲ್ಲ. ತಿಳಿಯಬೇಕಾದ್ದನ್ನು ಅಲಕ್ಷ್ಯದಿಂದ ತಿಳಿಯದಿದ್ದರೆ ದೋಷವುಂಟು. ಬೇಕೆಂದೇ ತಿಳಿಯದೆ ಉಳಿದರೆ ಆ ಅಜ್ಞಾನವು ನೆಪವಾಗಲಾರದು. ಅದು ನಾವೇ ಆರಿಸಿಕೊಂಡದ್ದು. ಆದರೂ ಭಯವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲದೆಂದು ಧರ್ಮಸಭೆ ಬೋಧಿಸುತ್ತದೆ. ಆದ್ದರಿಂದ ಇನ್ನೊಬ್ಬರ ಮನೆಯ ಲಕೋಟೆಗೆ ನಾವು ನ್ಯಾಯಾಧೀಶರಾಗುವುದು ಬೇಡ. ಆದರೆ ಹೊಣೆ ಹಗುರಾದರೂ ಕರ್ತವ್ಯ ಉಳಿಯುತ್ತದೆ.

ಏಕೆಂದರೆ ಸಾಲ ಒಬ್ಬನದೇ ಆಗಿರುವುದಿಲ್ಲ. 1905ರಲ್ಲಿ, ಆಗ ನಮ್ಮ ಧಾರವಾಡ ಜಿಲ್ಲೆಗೇ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1904ರ ಕಾನೂನಿನಂತೆ ಅಂಥ ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಎಲ್ಲರೂ ತೆರಬೇಕಿತ್ತು. ಇಂದಿಗೂ ಜಾಮೀನಿಗೆ ಸಹಿ ಹಾಕಿದ ನೆರೆಯವನು, ಸ್ವಸಹಾಯ ಸಂಘದ ಅಕ್ಕತಂಗಿಯರು, ಗಂಡನ ಸಾಲದ ಮೊತ್ತವೇ ತಿಳಿಯದ ಹೆಂಡತಿ, ಇವರೆಲ್ಲ ನಾವು ಬಿಚ್ಚದ ಲಕೋಟೆಯೊಳಗೆ ಸಿಕ್ಕಿಕೊಂಡಿದ್ದಾರೆ.

"ನಾಳೆಯ ಚಿಂತೆ ಬೇಡ ಎಂದು ಪ್ರಭುವೇ ಹೇಳಿಲ್ಲವೇ, ಫಾದರ್?" ಎಂದು ಕೆಲವರು ಕೇಳಬಹುದು. ಹೇಳಿದ್ದಾರೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಹೇಳಿದವರೂ ಅದೇ ಪ್ರಭು. ಇವೆರಡಕ್ಕೂ ವಿರೋಧವಿಲ್ಲ. ಚಿಂತೆ ಬೇರೆ, ಲೆಕ್ಕ ಬೇರೆ. ಲೆಕ್ಕಕ್ಕೆ ಕೊನೆಯುಂಟು, ಲೆಕ್ಕವಿಲ್ಲದ ಚಿಂತೆಗೆ ಕೊನೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆಯನ್ನೇ ನೋಡದವನು ಎಷ್ಟೆಂದು ಚಾಚಿಯಾನು?

ಲೆಕ್ಕ ತಿಳಿದವನಿಗೆ ಅನ್ಯಾಯವನ್ನು ಪ್ರಶ್ನಿಸುವ ಬಲವೂ ಬರುತ್ತದೆ. 1980ರ ಜುಲೈ 21ರಂದು ನವಲಗುಂದದಲ್ಲಿ ರೈತರು ಮಲಪ್ರಭಾ ಯೋಜನೆಯ ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ ಎದ್ದು ನಿಂತರು, ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ತಮ್ಮ ಮೇಲೆ ಹೊರಿಸಿದ ಬಾಕಿ ಎಷ್ಟು, ಯಾತಕ್ಕೆ ಎಂದು ತಿಳಿದವರಿಗೆ ಮಾತ್ರ ಅದು ನ್ಯಾಯವೋ ಅನ್ಯಾಯವೋ ಎಂದು ಕೇಳಲು ಸಾಧ್ಯ.

ಹಾಗಾದರೆ ಮಾಡುವುದೇನು? ಈ ಶನಿವಾರ ಸಂಜೆ ಜಪಸರದ ನಂತರ ಗಂಡ ಹೆಂಡತಿ ಒಟ್ಟಿಗೆ ಕುಳಿತುಕೊಳ್ಳಿರಿ. ಸಂತ ಇಗ್ನಾಸಿಯವರು ಕಲಿಸಿದ ಆತ್ಮಶೋಧನೆ ಕೃತಜ್ಞತೆಯಿಂದ ಆರಂಭವಾಗುತ್ತದೆ; ನೀವೂ ಇರುವುದಕ್ಕಾಗಿ ಮೊದಲು ದೇವರಿಗೆ ವಂದನೆ ಹೇಳಿರಿ. ಬಳಿಕ ಒಂದು ಹಾಳೆಯಲ್ಲಿ ಯಾರಿಗೆ, ಎಷ್ಟು, ಯಾವ ತಾರೀಖಿಗೆ ಎಂದು ಬರೆಯಿರಿ. ಸೊಸೈಟಿ, ಬಂಗಾರದ ಸಾಲ, ಕೈಗಡ, ಅಂಗಡಿಯ ಉದ್ರಿ ಯಾವುದನ್ನೂ ಬಿಡಬೇಡಿರಿ. ಅಂದು ಬರೆಯುವುದಷ್ಟೇ ಕೆಲಸ, ಒಬ್ಬರನ್ನೊಬ್ಬರು ದೂರುವಂತಿಲ್ಲ. ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳನ್ನು ಕೂಡಿಸಿಕೊಳ್ಳಿರಿ. ಸೋಮವಾರ, ಗಡುವು ಮೀರುವ ಮೊದಲೇ, ಬ್ಯಾಂಕಿಗೆ ಹೋಗಿ ಕೇಳಿರಿ.

ಸಾಲದ ಭಾರದಲ್ಲಿ ಪ್ರಾಣ ಬಿಟ್ಟ ರೈತರ ಸುದ್ದಿ ನಮ್ಮ ಭಾಗಕ್ಕೆ ಹೊಸದಲ್ಲ. ಬಾಯಿ ಬಿಟ್ಟು ಹೇಳಿದ ಅಂಕಿಯನ್ನು ನಾಲ್ಕು ಮಂದಿ ಹೊರಬಹುದು. ಎದೆಯಲ್ಲೇ ಮುಚ್ಚಿಟ್ಟದ್ದನ್ನು ಒಬ್ಬನೇ ಹೊರಬೇಕು. ಆದ್ದರಿಂದ ಹೇಳಿಕೊಳ್ಳಿರಿ: ಮನೆಯವರಿಗೆ, ಗೆಳೆಯರಿಗೆ, ನಿಮ್ಮ ಗುರುಗಳಿಗೆ.

ಏದೆನ್ ತೋಟದಲ್ಲಿ ಆದಾಮನು ಮರಗಳ ಮರೆಯಲ್ಲಿ ಅಡಗಿದಾಗ ದೇವರು ಅವನನ್ನು ಹುಡುಕಿಕೊಂಡು ಬಂದು, ಎಲ್ಲಿದ್ದೀ ಎಂದು ಕೇಳಿದರು. ಆತ ಎಲ್ಲಿದ್ದಾನೆಂಬುದು ದೇವರಿಗೆ ತಿಳಿದೇ ಇತ್ತು. ಆತನೇ ಹೇಳಲಿ ಎಂಬುದು ಅವರ ಇಚ್ಛೆ. ನಮ್ಮ ಬಾಕಿಯ ಮೊತ್ತವೂ ಅವರಿಗೆ ತಿಳಿದಿದೆ, ತಿಳಿದೂ ನಮ್ಮನ್ನು ಪ್ರೀತಿಸುತ್ತಾರೆ. ಆ ಧೈರ್ಯದಿಂದ ಲಕೋಟೆ ಬಿಚ್ಚೋಣ.